ಚರಗಕ್ಕೆ ಕೈ ಬೇಕು

ನಾಳೆ ಬೆಳಿಗ್ಗೆ ಕೆನಡಾದ ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಸಂಚಿಕೆ ನಿಮ್ಮೆಲ್ಲರ ಕೈ ಸೇರಬೇಕು. ಈಗ ರಾತ್ರಿ ಹನ್ನೊಂದೂವರೆ. ರಾಜ್ಯೋತ್ಸವದ ಫೋಟೋಗಳಿಗೆ ಹೆಸರು ಹಾಕುವುದು ಬಾಕಿ ಇದೆ. ಬರಬೇಕಾದ ವರದಿಗಳು ಇನ್ನೂ ಬಂದಿಲ್ಲ. ಆದರೂ ಈ ಪುಟವನ್ನು ನಾಲ್ಕು ಸಾಲಿಗೆ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಣಿಸುವ ಎಳ್ಳಮಾವಾಸ್ಯೆ ಹತ್ತಿರ ಬಂತಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಈ ಹೊತ್ತಿಗೆ ಸುಮ್ನೆ ಕೂರಲು ಆಗುತ್ತಾ?

ರಾಜ್ಯೋತ್ಸವ ಮುಗಿದ ಮೇಲೆ ಸಭಾಂಗಣದಲ್ಲಿ ಕುರ್ಚಿ ಮಡಚಿಡುತ್ತಿದ್ದೆವು. ಸದಸ್ಯರೊಬ್ಬರ ಮಗಳು, ಒಂಬತ್ತು ವರ್ಷದವಳು, ಬಂದು ಕೇಳಿದಳು: "ಆಂಟಿ, ಮುಂದಿನ ಹಬ್ಬಕ್ಕೆ ನನ್ನ ಐಟಂ ಯಾವುದು?" ಮುಂದಿನದು ಎಳ್ಳಮಾವಾಸ್ಯೆ ಪುಟ್ಟಿ, ಅದಕ್ಕೆ ಸ್ಟೇಜು ಇರಲ್ಲ ಅಂದೆ. ಅವಳು ಯೋಚನೆಗೆ ಬಿದ್ದಳು. "ಸ್ಟೇಜ್ ಇಲ್ಲ ಅಂದ್ರೆ ಮಕ್ಕಳು ಏನು ಮಾಡ್ತಾರೆ?"

ಆ ದಿನ ಮಕ್ಕಳಿಗೆ ಎಷ್ಟೊಂದು ಕೆಲಸ ಇರುತ್ತಿತ್ತು ಅಂತ ಅವಳಿಗೆ ಹೇಳತೊಡಗಿದೆ. ಸುತ್ತಲಿದ್ದವರೂ ಕುರ್ಚಿ ಬಿಟ್ಟು ನಿಂತುಕೊಂಡರು. ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಮುತ್ಯಾನ (ಅಜ್ಜನ) ಹೊಲ ಊರಿಂದ ಅರ್ಧ ತಾಸಿನ ದಾರಿ. ಕರಿ ಮಣ್ಣು. ಹೆಚ್ಚಿನದು ತೊಗರಿ, ಆಚೆಗೆ ಬಿಳಿಜೋಳ, ಒಂದು ಬದಿಗೆ ಕಡಲೆ. ಹಿಂದಿನ ರಾತ್ರಿಯೇ ಮನೆಯಲ್ಲಿ ಹಬ್ಬ ಶುರು. ಆಯಿ (ಅಜ್ಜಿ), ಅವ್ವ, ಕಾಕು (ಚಿಕ್ಕಮ್ಮ) ಮೂವರೂ ಒಲೆ ಮುಂದೆ. ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುವ ಸದ್ದು ನಾವು ಮಲಗಿದ ಮೇಲೂ ಕೇಳುತ್ತಿತ್ತು. ಜೋಳದ ಕಡುಬು, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಮೊಸರನ್ನ, ಶೇಂಗಾ ಹಿಂಡಿ, ಕೆಂಪು ಖಾರ. ಎಲ್ಲಕ್ಕಿಂತ ದೊಡ್ಡ ಕೆಲಸ ಭಜ್ಜಿಯದು.

ಬೆಂಗಳೂರು, ಮೈಸೂರು ಕಡೆಯ ಗೆಳೆಯರೇ, ಇದು ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ. ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲು, ಬದನೆಕಾಯಿ, ಗಜ್ಜರಿ, ಬಾರಿಹಣ್ಣು. ಆ ಕಾಲಕ್ಕೆ ಹೊಲದಲ್ಲಿ, ಸಂತೆಯಲ್ಲಿ ಏನೇನು ಸಿಗುತ್ತದೋ ಅಷ್ಟೂ ಒಂದೇ ಪಾತ್ರೆಗೆ. ಬೆಂದ ಮೇಲೆ ಹುಣಸೆ ಹುಳಿ, ಕಲಸಿದ ಕಡಲೆ ಹಿಟ್ಟು ಬಿಟ್ಟು ಕುದಿಸಬೇಕು. ಮರುದಿನ ಇನ್ನೂ ರುಚಿ. ಮಕ್ಕಳ ಮೊದಲ ಕೆಲಸ ಇದರಲ್ಲೇ. ಅಂಗಳದಲ್ಲಿ ತೊಗರಿ ಕಾಯಿಯ ರಾಶಿ ಮುಂದೆ ಕೂತು ಸುಲಿಯುವುದು. ಉಗುರಿನ ಸಂದಿಯೆಲ್ಲ ಹಸಿರಾಗುತ್ತಿತ್ತು.

ಬೆಳಿಗ್ಗೆ ಬುಟ್ಟಿಗಳಿಗೆ ಬಿಳಿ ಬಟ್ಟೆ ಕಟ್ಟಿ, ಬಂಡಿ ಹೂಡಿ ಎಲ್ಲರೂ ಹೊಲಕ್ಕೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು. ಅವರೇ ಪಾಂಡವರು. ಆ ಕಲ್ಲು ತೊಳೆದು ಸುಣ್ಣ ಹಚ್ಚುವುದು ಮಕ್ಕಳಿಗೇ ಬಿಟ್ಟಿದ್ದು. ಜೋಳದ ದಂಟಿನಿಂದ ಕೊಂಪೆ ಕಟ್ಟುವುದು ಕಾಕಾ, ದಂಟು ಎತ್ತಿ ಕೊಡುವುದು ನಾವು. ಕಾಳು ಕಟ್ಟುವ ಹೊತ್ತಲ್ವಾ, ಭೂಮಿತಾಯಿ ತುಂಬಿದ ಬಸುರಿ. ಅವಳ ಬಯಕೆ ತೀರಿಸುವ ಊಟ ಇದು. ಆಯಿ ಉಡಿ ತುಂಬುವಾಗ ಮಾತಾಡುತ್ತಿರಲಿಲ್ಲ, ನಮ್ಮನ್ನೂ ಮಾತಾಡಲು ಬಿಡುತ್ತಿರಲಿಲ್ಲ.

ಆಮೇಲೆ ಚರಗ. ಎಲ್ಲ ಅಡುಗೆಯೂ ಸ್ವಲ್ಪ ಸ್ವಲ್ಪ ಕಲಸಿ ಬುಟ್ಟಿಗೆ ಹಾಕಿಕೊಂಡು ಮುತ್ಯಾ ಮುಂದೆ. ನೀರಿನ ತಂಬಿಗೆ ಹಿಡಿದು ನಾನು ಹಿಂದೆ. ಅವನು "ಹುಲ್ಲುಲ್ಲಿಗೋ" ಅಂತ ಕೂಗಿ ಹೊಲದ ತುಂಬ ಚೆಲ್ಲುತ್ತಾ ಹೋಗುತ್ತಿದ್ದ. ನಾನೂ ಕೂಗಿ ನೀರು ಚಿಮುಕಿಸಬೇಕು. ಈ ಕೂಗು ಊರಿಂದ ಊರಿಗೆ ಬೇರೆ, ಬೀದರಿನ ಸದಸ್ಯರು ತಮ್ಮದನ್ನು ಕೂಗಿ ತೋರಿಸಬೇಕು. ಅಕ್ಕಪಕ್ಕದ ಹೊಲಗಳಲ್ಲೂ ಅದೇ ಹೊತ್ತಿಗೆ ಅದೇ ನಡೆಯುತ್ತಿರುತ್ತದೆ. ಯಾರದ್ದು ದೊಡ್ಡ ದನಿ ಅಂತ ಮಕ್ಕಳ ನಡುವೆ ಪೈಪೋಟಿ.

ಒಂದು ವರ್ಷ ತೊಗರಿಗೆ ನೆಟೆ ರೋಗ ಬಿದ್ದಿತ್ತು. ಹೂವು, ಕಾಯಿ ಬರುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿಬಿಡುತ್ತದೆ. ತೊಗರಿ ಬೆಳೆಯುವ ಮನೆಯವರಿಗೆ ಇದರ ಹೆಸರು ಕೇಳಿದರೇ ಸಂಕಟ. ಮುಕ್ಕಾಲು ಹೊಲ ಒಣಗಿ ನಿಂತಿತ್ತು. ಈ ಸಲ ಹೋಳಿಗೆ ಸ್ವಲ್ಪ ಕಡಿಮೆ ಮಾಡೋಣವಾ ಅಂತ ಆಯಿ ಕೇಳಿದಳು. ಮುತ್ಯಾ ರೊಟ್ಟಿ ಮುರಿಯುತ್ತಾ, "ಬ್ಯಾಡ. ವರ್ಷಾ ಹ್ಯಾಂಗ ಮಾಡ್ತಿ ಹಂಗೇ ಮಾಡು. ಸಾಲ ನಂದು, ಆಕಿದಲ್ಲ" ಅಂದ. ಮರುದಿನ ಅವನು ಮೊದಲು ಹೋಗಿದ್ದೇ ಒಣಗಿದ ಸಾಲುಗಳಿಗೆ. ಹಸಿರು ಉಳಿದಿದ್ದ ಕಡೆಗಿಂತ ಅಲ್ಲೇ ಜಾಸ್ತಿ ಚೆಲ್ಲಿದ. "ನೀರ ಹಾಕು, ಬುಡಕ್ಕ ಹಾಕು" ಅಂತ ನನಗೆ ಹೇಳುತ್ತಾ ಹೋದ. ಕೂಗುವ ದನಿ ಸ್ವಲ್ಪವೂ ಇಳಿಯಲಿಲ್ಲ. ಆ ವರ್ಷದ ಊಟಕ್ಕೂ ದಾರಿಯಲ್ಲಿ ಹೋಗುವವರನ್ನೆಲ್ಲ "ಬರ್ರಿ, ಉಂಡು ಹೋಗ್ರಿ" ಅಂತ ಕರೆದು ಕೂರಿಸಿದ. ಆವತ್ತು ಎಷ್ಟು ಎಲೆ ಹಾಸಿದರೂ ಸಾಲಲಿಲ್ಲ.

ಹೊಲ ಇಲ್ಲದವರಿಗೂ ಅವತ್ತು ಹೊಲದ ಊಟ ಇರುತ್ತದೆ. ಕಲಬುರಗಿ ಪಟ್ಟಣದಲ್ಲಿ ಮಧ್ಯಾಹ್ನ ರಸ್ತೆಗಳು ಖಾಲಿ, ಅಂಗಡಿ ಅರ್ಧ ಮುಚ್ಚಿರುತ್ತವೆ. ಎಲ್ಲರೂ ಯಾರದೋ ಒಬ್ಬರ ಹೊಲದಲ್ಲಿ. ನಮ್ಮ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಆ ಸುದ್ದಿ ಓದಿದಾಗ ನನಗೆ ನೆನಪಾಗಿದ್ದು ಮುತ್ಯಾ ಮತ್ತು ಆ ಒಣಗಿದ ಸಾಲುಗಳು.

ಇಷ್ಟು ಉದ್ದ ಬರೆದಿದ್ದಕ್ಕೆ ಕಾರಣ ಇದೆ. ನಮ್ಮ ಕಡೆಯ ಹಾಡು, ಕುಣಿತ ಯಾವುದೂ ಸ್ಟೇಜಿಗೆ ಅಂತ ಹುಟ್ಟಿದ್ದಲ್ಲ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸುವಾಗ, ರಾತ್ರಿ ನಿದ್ದೆ ಬರಬಾರದು ಅಂತ ಹಂತಿ ಪದ ಹಾಡುತ್ತಿದ್ದರು. ರಾಶಿ ಮಾಡುವ ಮಷೀನು ಬಂತು, ಹಂತಿ ನಿಂತಿತು, ಪದ ವಯಸ್ಸಾದವರ ನೆನಪಲ್ಲಿ ಉಳಿಯಿತು. ಬೀಸುವ ಪದಕ್ಕೂ ಅದೇ ಗತಿ. ಮೊಹರಂ ಹೆಜ್ಜೆ ಕುಣಿತ, ಕರ್ಬಲಾ ಕಥೆ ಹೇಳುವ ರಿವಾಯತ್ ಪದಗಳಿಗೆ ಪೀರಗಳ (ಮೊಹರಂನಲ್ಲಿ ಕೂರಿಸುವ ದೇವರುಗಳ) ಮುಂದಿನ ರಾತ್ರಿ ಬೇಕು. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಪೀರ ಕೂರಿಸುತ್ತಾರೆ, ಊರೇ ಕುಣಿಯುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಿದ್ದೀರಾ? ಅವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಬರೂ ಇದ್ದರು. ಗುಡಿಯಲ್ಲೋ ಮಠದಲ್ಲೋ ಏಕತಾರಿ, ದಮ್ಮಡಿ ಹಿಡಿದು ಕೂತರೆ ಬೆಳಗಾಗುವ ತನಕ ಭಜನೆ. ಅಲ್ಲಿ ಪ್ರೇಕ್ಷಕರು ಅಂತ ಬೇರೆ ಇರಲ್ಲ. ಬಂದವರೆಲ್ಲ ಪಲ್ಲವಿಗೆ ದನಿ ಕೂಡಿಸುತ್ತಾರೆ.

ನಮ್ಮ ಮಕ್ಕಳು ನಾಲ್ಕು ನಿಮಿಷದ ಹಾಡಿಗೆ ಕುಣಿದಾಗ ನಾನು ಮನಸಾರೆ ಚಪ್ಪಾಳೆ ತಟ್ಟುತ್ತೇನೆ. ತಿಂಗಳುಗಟ್ಟಲೆ ಕಲಿತಿರುತ್ತಾರೆ, ಕಲಿಸಿದವರ ಶ್ರಮವೂ ದೊಡ್ಡದು. ಆದರೆ ಹಬ್ಬ ಅಂದರೆ ಇಷ್ಟೇ ಅಂತ ಮಕ್ಕಳು ತಿಳಿದುಕೊಂಡರೆ ಅದು ದೊಡ್ಡವರ ತಪ್ಪು. ಹಬ್ಬದಲ್ಲಿ ತನಗೂ ಒಂದು ಕೆಲಸ ಇದೆ, ತಾನು ಮಾಡದಿದ್ದರೆ ಅದು ಆಗಲ್ಲ ಅಂತ ಮಗುವಿಗೆ ಅನ್ನಿಸಬೇಕು. ಸಮಿತಿಯ ಮುಂದೆ ಇದನ್ನೇ ಹೇಳಿದೆ. ಎಲ್ಲರೂ ಒಪ್ಪಿದರು. ಈ ಸಲದ ಎಳ್ಳಮಾವಾಸ್ಯೆಗೆ ಐಟಂ ಇಲ್ಲ, ಮೈಕು ಇಲ್ಲ.

ಅಮಾವಾಸ್ಯೆ ವಾರದ ನಡುವೆ ಬಂದಿರುವುದರಿಂದ ಅದರ ಮುಂದಿನ ಶನಿವಾರ ಸೇರುತ್ತೇವೆ. ಬೇಸಿಗೆಯಲ್ಲಿ ತರಕಾರಿ ಬೆಳೆಯುವ ಸದಸ್ಯರೊಬ್ಬರು ತಮ್ಮ ಹಿತ್ತಲು ಬಿಟ್ಟುಕೊಟ್ಟಿದ್ದಾರೆ. ಹಿಮ ಬಿದ್ದಿದ್ದರೂ ಚರಗ ಅಲ್ಲೇ. ಇಲ್ಲಿ ಐದಕ್ಕೆಲ್ಲ ಕತ್ತಲಾಗುತ್ತದೆ, ಹಾಗಾಗಿ ಬೆಳಿಗ್ಗೆ ಹತ್ತಕ್ಕೇ ಬನ್ನಿ. ಹಸಿ ತೊಗರಿ ಕಾಳು ಬ್ರಾಂಪ್ಟನ್ನಿನ ಗುಜರಾತಿ ಅಂಗಡಿಗಳ ಫ್ರೀಜರಿನಲ್ಲಿ 'ತುವರ್ ಲಿಲ್ವಾ' ಅಂತ ಸಿಗುತ್ತದೆ. ಹಸಿ ಕಡಲೆಯನ್ನು ಪಂಜಾಬಿ ಅಂಗಡಿಯಲ್ಲಿ 'ಛೋಲಿಯಾ' ಅಂತ ಕೇಳಿ. ಪುಂಡಿ ಪಲ್ಯ ಮಾಡುವವರು ತೆಲುಗಿನವರ ಅಂಗಡಿಗೆ ಹೋಗಿ, ಗೋಂಗೂರ ಅಂದರೆ ಸಾಕು. ಸಿಪ್ಪೆ ಇರುವ ಕಾಯಿ ಎಲ್ಲಾದರೂ ಸಿಕ್ಕಿದರೆ ಮೊದಲು ನನಗೆ ಹೇಳಿ, ಮಕ್ಕಳು ಸುಲಿಯಬೇಕು.

ಇನ್ನು ಬೇಗ ಬೇಗ ಪ್ರಕಟಣೆಗಳು. ಸಂಕ್ರಾಂತಿ ಕೂಟ ಜನವರಿಯ ಮೂರನೇ ಭಾನುವಾರ, ಎಂದಿನ ಸಭಾಂಗಣ, ಪಾರ್ಕಿಂಗ್ ಹಿಂಬದಿಗೆ ಮಾತ್ರ. ಅವತ್ತೇ ಬಿದರಿ ಸಾಮಾನುಗಳ ಸಣ್ಣ ಪ್ರದರ್ಶನ. ಮನೆಯಲ್ಲಿರುವ ಹೂದಾನಿ, ತಟ್ಟೆ, ಪೆಟ್ಟಿಗೆ ತನ್ನಿ, ಹೆಸರಿನ ಚೀಟಿ ಅಂಟಿಸಿ. ಸತುವು, ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಈ ಕಲೆಯನ್ನು ಜೀವನಪೂರ್ತಿ ಮಾಡಿದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿಗೆ ಅದರ ಬಗ್ಗೆ ಹತ್ತು ನಿಮಿಷ ಹೇಳುವವರು ಬೇಕು. ಕನ್ನಡ ತರಗತಿ ಎರಡು ವಾರ ರಜೆ. ಸದಸ್ಯತ್ವದ ಹಣ ಡಿಸೆಂಬರ್ ಮುಗಿಯುವುದರೊಳಗೆ ಕೊಡಿ.

ಒಂದು ಬೇಸರದ ಸುದ್ದಿಯೂ ಇದೆ. ನಮ್ಮ ಸಂಘದ ಅಡುಗೆ ಮನೆ ನೋಡಿಕೊಳ್ಳುತ್ತಿದ್ದ ಅಕ್ಕ, ಭಾವ ಊರಿಗೆ ಮರಳುತ್ತಿದ್ದಾರೆ. ನಮ್ಮ ಎಷ್ಟೋ ಹಬ್ಬಗಳು ಅವರ ಕೈ ಮೇಲೆ ನಡೆದವು. ದೊಡ್ಡ ಬೋಗುಣಿಗಳು, ಗ್ಯಾಸ್ ಒಲೆ ಎಲ್ಲ ಅವರ ಗ್ಯಾರೇಜಿನಲ್ಲಿವೆ. ಅವನ್ನು ಇಟ್ಟುಕೊಳ್ಳಲು ಯಾರಾದರೂ ಜಾಗ ಕೊಡಿ. ಅಡುಗೆಯ ಹೊಣೆ ಹೊರಲು ಇಬ್ಬರಾದರೂ ಮುಂದೆ ಬನ್ನಿ. ಈ ಸುದ್ದಿಪತ್ರಕ್ಕೂ ಇನ್ನೊಬ್ಬರು ಬೇಕು. ಒಬ್ಬಳೇ ಮಾಡುವುದು ಕಷ್ಟವಾಗುತ್ತಿದೆ. ಕನ್ನಡ ಟೈಪಿಂಗ್ ಬಂದರೆ ಸಾಕು, ಉಳಿದದ್ದು ನಾನು ಹೇಳಿಕೊಡುತ್ತೇನೆ. ಹಂತಿ ಪದ, ಬೀಸುವ ಪದ ಬರುವ ಅಪ್ಪ ಅಮ್ಮ, ಅತ್ತೆ ಮಾವ ಯಾರಾದರೂ ಈಗ ನಿಮ್ಮ ಮನೆಗೆ ಬಂದಿದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ. ಬೆಚ್ಚಗಿನ ಕಡೆ ಕೂರಿಸುತ್ತೇವೆ.

ರೊಟ್ಟಿ ಬಡಿಯಲು ಬರುವವರು ಹಿಂದಿನ ದಿನ, ಶುಕ್ರವಾರ ಸಂಜೆ ಆರಕ್ಕೆ ಬನ್ನಿ. ಸಜ್ಜೆ ಹಿಟ್ಟು, ಎಳ್ಳು ಸಂಘದಿಂದ. ಹಂಚು ಮಾತ್ರ ನಿಮ್ಮದು ತನ್ನಿ, ಸಂಘದಲ್ಲಿ ಇರುವುದು ಎರಡೇ.