ಜೋಡಿ ಡಿಸ್ಕ್: ಎರಡನೆಯದರಿಂದಲೂ ಕಂಪ್ಯೂಟರ್ ಶುರುವಾಗಬೇಕು

ಸಂಪಾದಕರಿಗೆ,

ಮಾನ್ಯರೇ,

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಿಂದ ಹಿಡಿದು ಮಳೆಗಾಲ ಮುಗಿಯುವ ತನಕ ಕೊಡಗಿನಲ್ಲಿ ವಿದ್ಯುತ್ ಹೋಗಿ ಬರುವುದು ಹೊಸದೇನಲ್ಲ. ಅದರೊಂದಿಗೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಡುವುದೂ ಹೊಸದಲ್ಲ. ಆ ಭಯದಿಂದಲೇ ಸಹಕಾರ ಸಂಘಗಳೂ ಕಾಫಿ ವ್ಯಾಪಾರಿಗಳೂ ಲೆಕ್ಕಪತ್ರದ ಕಂಪ್ಯೂಟರಿಗೆ ‘ರೇಡ್ 1’ ಎಂಬ ಜೋಡಿ ಡಿಸ್ಕ್ ವ್ಯವಸ್ಥೆ ಹಾಕಿಸಿಕೊಳ್ಳುತ್ತಿದ್ದಾರೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ದಾಖಲಾಗುವುದರಿಂದ ಒಂದು ಕೆಟ್ಟರೂ ಕೆಲಸ ನಿಲ್ಲದು ಎಂಬುದು ಎಲ್ಲರ ನಂಬಿಕೆ. ಆ ನಂಬಿಕೆ ಅರ್ಧ ಮಾತ್ರ ಸರಿ ಎಂಬುದನ್ನು, ಈ ಭಾಗದ ಕಚೇರಿಗಳಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವವನಾಗಿ, ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ.

ಕಳೆದ ಮಳೆಗಾಲದಲ್ಲಿ ದಕ್ಷಿಣ ಕೊಡಗಿನ ಸಂಘವೊಂದರ, ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಮೊದಲನೇ ಡಿಸ್ಕ್ ಕೆಟ್ಟಿತು. ಸದಸ್ಯರ ಸಾಲದ ಲೆಡ್ಜರ್, ಗೊಬ್ಬರದ ದಾಸ್ತಾನು ಎಲ್ಲವೂ ಎರಡನೆಯದರಲ್ಲಿ ಅಚ್ಚುಕಟ್ಟಾಗಿಯೇ ಇದ್ದವು. ಆದರೂ ಗುಂಡಿ ಒತ್ತಿದರೆ ಬರುತ್ತಿದ್ದುದು ಕಪ್ಪು ಪರದೆ ಮತ್ತು ಬೂಟ್ ಮಾಡಲು, ಅಂದರೆ ಶುರುವಾಗಲು, ಡಿಸ್ಕ್ ಸಿಗಲಿಲ್ಲವೆಂಬ ಒಂದು ಸಾಲು. ಯಂತ್ರ ಒದಗಿಸಿದವರು ಫೋನಿನಲ್ಲಿ ಕೊಟ್ಟ ಸಲಹೆ, ‘ಹೊಸದಾಗಿ ಸಿಸ್ಟಂ ಹಾಕಿಬಿಡಿ’ ಎಂಬುದು. ಹಾಗೆ ಮಾಡಿದ್ದರೆ ಉಳಿದಿದ್ದ ಲೆಕ್ಕವೂ ಅಳಿಸಿಹೋಗುತ್ತಿತ್ತು.

ಇದರ ಕಾರಣ ಸರಳವಾಗಿದೆ. ಸಾಫ್ಟ್‌ವೇರ್ ಮೂಲಕ ಮಾಡುವ ಜೋಡಣೆಯಲ್ಲಿ ಸಾಮಾನ್ಯವಾಗಿ ಪ್ರತಿಬಿಂಬವಾಗುವುದು ಡಿಸ್ಕಿನೊಳಗೆ ಮಾಡಿಕೊಂಡ ಪಾರ್ಟಿಷನ್‌ಗಳು, ಅಂದರೆ ವಿಭಾಗಗಳು ಮಾತ್ರ. ಬಯೋಸ್ ಎಂಬ ಹಳೆಯ ಆರಂಭ ಪದ್ಧತಿಯ ಯಂತ್ರಗಳಲ್ಲಿ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಸೂಚನೆ ಇರುವುದು ಡಿಸ್ಕಿನ ಆರಂಭದ 512 ಬೈಟ್‌ಗಳಲ್ಲಿ, ಅದರಲ್ಲೂ 446 ಬೈಟ್‌ಗಳಷ್ಟು ಜಾಗದಲ್ಲಿ. ಅದು ಯಾವ ಪಾರ್ಟಿಷನ್ನಿಗೂ ಸೇರಿದ್ದಲ್ಲ. ಬಯೋಸ್ ಬದಲಿಗೆ ಬಂದ ಯುಇಎಫ್‌ಐ ಪದ್ಧತಿಯ ಹೊಸ ಯಂತ್ರಗಳಲ್ಲಿ ಆ ಕೆಲಸ ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ನಿನದು, ಅದನ್ನೂ ಬಹಳ ಕಡೆ ಮೊದಲ ಡಿಸ್ಕಿನಲ್ಲಷ್ಟೇ ಮಾಡಿರುತ್ತಾರೆ. ಎರಡು ಕಣಜಗಳಿಗೂ ಭತ್ತ ತುಂಬಿ ಬಾಗಿಲನ್ನು ಒಂದಕ್ಕೇ ಇಟ್ಟಂತೆ ಇದು. ಇಡೀ ಡಿಸ್ಕನ್ನೇ ಜೋಡಿ ಮಾಡುವ ಪ್ರತ್ಯೇಕ ರೇಡ್ ಕಾರ್ಡ್ ಇರುವ ಕಡೆ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ನಮ್ಮ ಸಣ್ಣ ಕಚೇರಿಗಳಲ್ಲಿ ಅಂಥ ಕಾರ್ಡ್ ಕಾಣುವುದೇ ಅಪರೂಪ.

ಕೆಟ್ಟ ಮೇಲೂ ದಾರಿಯಿದೆ. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲೂ ಮಾಡಿ, ಜೋಡಿ ಡಿಸ್ಕ್ ನಿರ್ವಹಿಸುವ ‘ಎಂಡಿಎಡಿಎಂ’ ಎಂಬ ತಂತ್ರಾಂಶದಿಂದ ಉಳಿದ ಒಂದೇ ಡಿಸ್ಕಿನ ಜೋಡಣೆಯನ್ನು ತೆರೆದು, ಅದರೊಳಗಿನ ಹಳೆಯ ವ್ಯವಸ್ಥೆಯನ್ನು ಹೊಕ್ಕು, ಆ ಡಿಸ್ಕಿಗೆ ಕಂಪ್ಯೂಟರನ್ನು ಎಬ್ಬಿಸುವ ‘ಗ್ರಬ್’ ಎಂಬ ಬೂಟ್ ಲೋಡರನ್ನು ಅಳವಡಿಸಿದರೆ ಸಾಕು. ಲೆಕ್ಕಪತ್ರವನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಯುಇಎಫ್‌ಐ ಯಂತ್ರವಾದರೆ ಇಎಫ್‌ಐ ಪಾರ್ಟಿಷನ್ನಿಗೂ ಅದೇ ಡಿಸ್ಕಿನಲ್ಲಿ ಜಾಗ ಮಾಡಿಕೊಡಬೇಕಾಗುತ್ತದೆ, ಮೊದಲೇ ಜಾಗ ಬಿಟ್ಟಿರದಿದ್ದರೆ ಅದು ತಲೆನೋವಿನ ಕೆಲಸ.

ಹೊಸ ಡಿಸ್ಕ್ ಸೇರಿಸುವಾಗಲೇ ಹೆಚ್ಚಿನ ಅನಾಹುತಗಳು ಆಗುವುದು. ಕೆಟ್ಟದ್ದೆಂದುಕೊಂಡು ಒಳ್ಳೆಯದನ್ನೇ ಕಳಚುವವರಿದ್ದಾರೆ. ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆಯನ್ನು ಪರದೆಯಲ್ಲಿ ತೋರುವ ಸಂಖ್ಯೆಯೊಂದಿಗೆ ತಾಳೆ ನೋಡದೆ ಸ್ಕ್ರೂ ಬಿಚ್ಚಕೂಡದು. ಪಾರ್ಟಿಷನ್ ಪಟ್ಟಿಯನ್ನು ನಕಲು ಮಾಡುವಾಗ ದಿಕ್ಕು ತಪ್ಪಿದರೆ ಖಾಲಿ ಡಿಸ್ಕಿನ ಪಟ್ಟಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಹೊಸದರ ಗಾತ್ರ ಹಳೆಯದಕ್ಕಿಂತ ಎಳ್ಳಷ್ಟು ಕಡಿಮೆಯಿದ್ದರೂ ಜೋಡಣೆ ಅದನ್ನು ಒಪ್ಪದಿರಬಹುದು. ಸೇರಿಸಿ ನಕಲು ಪೂರ್ಣಗೊಂಡ ಮೇಲೆ ಹೊಸ ಡಿಸ್ಕಿಗೂ ಗ್ರಬ್ ಹಾಕಬೇಕು, ಬಹುಮಂದಿ ಮರೆಯುವುದು ಇದನ್ನೇ.

ಇನ್ನೊಂದು ಮಾತು. ಡಿಸ್ಕ್ ಹೋದದ್ದು ಎಷ್ಟೋ ಕಡೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಯಂತ್ರ ಉಳಿದ ಒಂದರ ಮೇಲೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಜೋಡಣೆಯ ಸ್ಥಿತಿ ತೋರಿಸುವ ಲಿನಕ್ಸಿನ ‘ಎಂಡಿಸ್ಟ್ಯಾಟ್’ ಕಡತ ತೆರೆದರೆ ಎರಡೂ ಸರಿಯಿದ್ದಲ್ಲಿ ಚೌಕ ಆವರಣದೊಳಗೆ ಎರಡು ‘ಯು’ (U) ಅಕ್ಷರಗಳು ಕಾಣುತ್ತವೆ, ಒಂದು ಕೆಟ್ಟಿದ್ದರೆ ಅದರ ಜಾಗದಲ್ಲಿ ಅಡಿಗೆರೆ. ವಾರಕ್ಕೊಮ್ಮೆ ಇದನ್ನು ನೋಡಲು ಗುಮಾಸ್ತರೊಬ್ಬರಿಗೆ ಹೇಳಿಕೊಟ್ಟರೆ ಸಾಕು. ಜೋಡಿ ಡಿಸ್ಕ್ ಇದೆಯೆಂದು ಬ್ಯಾಕಪ್ ಬಿಡುವಂತೆಯೂ ಇಲ್ಲ. ಕೈತಪ್ಪಿ ಅಳಿಸಿದ ಕಡತ ಎರಡೂ ಕಡೆ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗಬಹುದು.

ಆದ್ದರಿಂದ ಜಿಲ್ಲೆಯ ಸಂಘಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ: ಇನ್ನು ಮುಂದೆ ಕೊಟೇಷನ್ ಕರೆಯುವಾಗ ಎರಡೂ ಡಿಸ್ಕ್‌ಗಳಿಂದ ಕಂಪ್ಯೂಟರ್ ಬೂಟ್ ಆಗಬೇಕೆಂಬ ಷರತ್ತನ್ನು ಬರೆದು ಸೇರಿಸಿ. ಯಂತ್ರ ಒಪ್ಪಿಸುವ ದಿನ, ಲೆಕ್ಕಪತ್ರ ತುಂಬುವ ಮೊದಲೇ, ಕಾರ್ಯದರ್ಶಿಯವರ ಎದುರಿನಲ್ಲಿ ಯಂತ್ರ ಆಫ್ ಮಾಡಿ, ಮೊದಲ ಡಿಸ್ಕಿನ ಕೇಬಲ್ ಕಳಚಿ, ಚಾಲೂ ಮಾಡಿ ತೋರಿಸಲಿ. ಅದನ್ನು ಮತ್ತೆ ಸೇರಿಸಿ ನಕಲು ಪೂರ್ತಿಯಾದ ನಂತರವಷ್ಟೇ ಎರಡನೆಯದನ್ನು ಕಳಚಿ ತೋರಿಸಲಿ. ಬಿಲ್ ಪಾವತಿ ಆಮೇಲೆ.

ಇತಿ,
ಓರ್ವ ಕಂಪ್ಯೂಟರ್ ದುರಸ್ತಿಗಾರ, ಗೋಣಿಕೊಪ್ಪಲು