ಹಳೆಯ ಬೈಕಿನ ಜಾಹೀರಾತಿನಲ್ಲಿ ತಯಾರಿಕೆಯ ತಿಂಗಳೂ ಇರಲಿ

ಮಾನ್ಯ ಸಂಪಾದಕರೇ,

ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಗೆ ಕೆಲಸಕ್ಕೆ ಹೋಗುವ ನಮ್ಮ ಕೋಲಾರ ಜಿಲ್ಲೆಯ ಯುವಕ ಯುವತಿಯರಲ್ಲಿ ಅನೇಕರು ಮೊದಲು ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಬೈಕನ್ನೋ ಸ್ಕೂಟರನ್ನೋ. ಕೊಳ್ಳುವವರು ಕೇಳುವುದೂ ಮಾರುವವರು ಹೇಳುವುದೂ ‘ಯಾವ ವರ್ಷದ ಮಾಡೆಲ್’ ಎಂಬ ಒಂದೇ ವಿವರವನ್ನು. ಒಂದು ವರ್ಷ ಹೊಸದಾದರೆ ಇಷ್ಟು ಸಾವಿರ ಹೆಚ್ಚು ಎಂಬ ಲೆಕ್ಕದಲ್ಲಿ ವ್ಯಾಪಾರ ಕುದುರುತ್ತದೆ. ಆದರೆ ಕಳೆದ ದಶಕದಲ್ಲಿ ದ್ವಿಚಕ್ರ ವಾಹನಗಳಲ್ಲಿ ಆದ ಮುಖ್ಯ ಸುಧಾರಣೆಗಳು ಸರ್ಕಾರದ ನಿಯಮಗಳು ಜಾರಿಯಾದ ದಿನಾಂಕಗಳಿಗೆ, ಹೆಚ್ಚಾಗಿ ಏಪ್ರಿಲ್ 1ಕ್ಕೆ, ಹೊಂದಿಕೊಂಡು ಬಂದಿವೆ. ಆದ್ದರಿಂದ ಬರೀ ವರ್ಷವನ್ನು ನಂಬಿ ಹಣ ಕೊಡುವವರು ಎಷ್ಟೋ ಸಲ ಇಲ್ಲದ ಸುಧಾರಣೆಗೆ ಬೆಲೆ ತೆರುತ್ತಾರೆ.

‘2020ರ ಮಾಡೆಲ್’ ಎಂಬುದನ್ನೇ ನೋಡಿ. ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ಮಾನದಂಡದ ಆರನೇ ಹಂತ, ಅಂದರೆ ಬಿಎಸ್-6 ನಿಯಮ, ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. ಅದೇ ವರ್ಷದ ಫೆಬ್ರವರಿಯಲ್ಲಿ ನೋಂದಣಿಯಾದ ಬೈಕು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಹಳೆಯ ಬಗೆಯ ಕಾರ್ಬುರೇಟರ್ ಇರುವ, ಹಿಂದಿನ ಹಂತದ ಬಿಎಸ್-4 ಆಗಿರಬಹುದು. ಅಕ್ಟೋಬರಿನದು ಬಹುತೇಕ ಫ್ಯೂಯಲ್ ಇಂಜೆಕ್ಷನ್ (ಸೆನ್ಸರುಗಳ ನೆರವಿನಿಂದ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಏರ್ಪಾಡು) ಇರುವ ಬಿಎಸ್-6 ಆಗಿರುತ್ತದೆ. ಇದರ ಜೊತೆಗೆ, ಕೆಲವು ಕಂಪನಿಗಳು ಗಡುವಿಗೆ ಮೊದಲೇ ಬಿಎಸ್-6 ವಾಹನಗಳನ್ನು ಮಾರುಕಟ್ಟೆಗೆ ತಂದಿದ್ದವು. ನಮ್ಮ ನರಸಾಪುರದಲ್ಲಿ ಕಾರ್ಖಾನೆ ಇರುವ ಹೋಂಡಾ ತನ್ನ ಬಿಎಸ್-6 ಆ್ಯಕ್ಟಿವಾ 125 ಅನ್ನು 2019ರ ಸೆಪ್ಟೆಂಬರಿನಲ್ಲೇ ಬಿಡುಗಡೆ ಮಾಡಿತ್ತು. ಹಾಗಾಗಿ 2019ರ ಒಂದು ಸ್ಕೂಟರು 2020ರ ಇನ್ನೊಂದಕ್ಕಿಂತ ತಂತ್ರಜ್ಞಾನದಲ್ಲಿ ಮುಂದಿರುವುದು ಸಾಧ್ಯ, ಬೆಲೆ ಮಾತ್ರ ತಿರುಗುಮುರುಗು.

2017ರ ಕಥೆಯೂ ಇಂಥದೇ. ಬಿಎಸ್-3 ವಾಹನಗಳನ್ನು ಏಪ್ರಿಲ್ 1ರಿಂದ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಆ ವರ್ಷದ ಮಾರ್ಚ್ 29ರಂದು ಆದೇಶಿಸಿದಾಗ, ಉಳಿದ ದಾಸ್ತಾನನ್ನು ಶೋರೂಮುಗಳು ಭಾರಿ ರಿಯಾಯಿತಿ ಕೊಟ್ಟು ಎರಡೇ ದಿನಗಳಲ್ಲಿ ಖಾಲಿ ಮಾಡಿದವು. 2016ರಲ್ಲಿ ತಯಾರಾಗಿ ಆಗ ಮಾರಾಟವಾದ ಬೈಕುಗಳು ಇಂದಿಗೂ ‘2017ರ ಮಾಡೆಲ್’ ಎಂದೇ ಕೈ ಬದಲಾಗುತ್ತಿವೆ. ಇವನ್ನು ಗುರುತಿಸುವುದು ಸುಲಭ. ಏಪ್ರಿಲ್ 2017ರ ನಿಯಮದಂತೆ ತಯಾರಾದ ದ್ವಿಚಕ್ರ ವಾಹನದಲ್ಲಿ ಇಂಜಿನ್ ಚಾಲೂ ಇರುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ, ಅದನ್ನು ಆರಿಸುವ ಸ್ವಿಚ್ಚೇ ಇರುವುದಿಲ್ಲ.

ನನ್ನನ್ನು ಕೇಳಿದರೆ, ಹೆಚ್ಚು ಹಣ ಕೊಡಲು ಯೋಗ್ಯವಾದ ಸುಧಾರಣೆ ಬ್ರೇಕಿನದು. 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾದದ್ದು ಹೊಸದಾಗಿ ಬಂದ ಮಾಡೆಲುಗಳಿಗೆ 2018ರ ಏಪ್ರಿಲಿನಿಂದ, ಮೊದಲೇ ಮಾರುಕಟ್ಟೆಯಲ್ಲಿದ್ದವಕ್ಕೆ 2019ರ ಏಪ್ರಿಲಿನಿಂದ. ಈ ಒಂದು ವರ್ಷದ ಅಂತರದಿಂದಾಗಿ 2018ರಲ್ಲಿ ತಯಾರಾದ 150 ಸಿಸಿ ಬೈಕುಗಳಲ್ಲಿ ಎಬಿಎಸ್ ಇರುವವೂ ಇವೆ, ಇಲ್ಲದವೂ ಇವೆ. ಅನೇಕ ಬೈಕುಗಳಲ್ಲಿ ಈ ರಕ್ಷಣೆ ಮುಂದಿನ ಚಕ್ರಕ್ಕೆ ಮಾತ್ರ ಎಂಬುದೂ ತಿಳಿದಿರಲಿ. ಕೀ ತಿರುಗಿಸಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹತ್ತಿ, ಗಾಡಿ ಸ್ವಲ್ಪ ದೂರ ಸಾಗಿದ ಮೇಲೆ ಆರಬೇಕು. ಹತ್ತದೇ ಇದ್ದರೆ, ಅಥವಾ ಹತ್ತಿದ್ದು ಆರದೇ ಇದ್ದರೆ, ವ್ಯವಸ್ಥೆ ಕೆಟ್ಟಿರುವ ಸಂಭವವಿದೆ. 125 ಸಿಸಿ ಮತ್ತು ಅದಕ್ಕಿಂತ ಚಿಕ್ಕ ಗಾಡಿಗಳಿಗೆ ಸಿಬಿಎಸ್ ಇದ್ದರೂ ಸಾಕೆಂದು ನಿಯಮ ಹೇಳಿತು, ಅಂದರೆ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುವ ಏರ್ಪಾಡು. ಲಾರಿಗಳ ನಡುವೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ದಿನವೂ ಓಡಾಡಬೇಕಾದವರು ಬಣ್ಣ, ಸ್ಟಿಕ್ಕರು ಬದಲಾದ ‘ಹೊಸ ಮಾಡೆಲ್’ಗೆ ಕೊಡುವ ಹಣವನ್ನು ಇದಕ್ಕೆ ಕೊಡುವುದು ಮೇಲು.

ಫ್ಯೂಯಲ್ ಇಂಜೆಕ್ಷನ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು ಖಚಿತವಲ್ಲ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯದೆ ಗಾಡಿ ಸ್ಟಾರ್ಟ್ ಆಗುತ್ತದೆ, ಹೊಗೆ ಕಡಿಮೆ, ಇವೆಲ್ಲ ನಿಜ. ಆದರೆ ಶ್ರೀನಿವಾಸಪುರದಾಚೆಯ ಹಳ್ಳಿಯಲ್ಲಿ ಕಾರ್ಬುರೇಟರನ್ನು ಬಿಚ್ಚಿ ಒರೆಸಿ ಕೊಡುವ ಮೆಕ್ಯಾನಿಕ್ ಸಿಗುವಷ್ಟು ಸುಲಭವಾಗಿ ಸೆನ್ಸರಿನ ದೋಷ ಪತ್ತೆ ಮಾಡುವವರು ಸಿಗುವುದಿಲ್ಲ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಕಿಕ್ ಹೊಡೆದರೂ ಪ್ರಯೋಜನವಾಗದಿರಬಹುದು. ಊರೊಳಗೇ ಓಡಾಡುವವರಿಗೆ ಚೆನ್ನಾಗಿಟ್ಟುಕೊಂಡ ಬಿಎಸ್-4 ಗಾಡಿ ಸಾಕು ಎಂದು ಕೆಲವು ವರ್ಷಗಳ ಹಿಂದಾಗಿದ್ದರೆ ಧೈರ್ಯವಾಗಿ ಹೇಳುತ್ತಿದ್ದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಅದನ್ನು ತಾಳುವ ಬಿಡಿಭಾಗಗಳು ಹೊಸ ವಾಹನಗಳಲ್ಲಿ 2023ರ ಏಪ್ರಿಲಿನಿಂದ ಬಂದಿವೆ. ಅದಕ್ಕೂ ಹಿಂದಿನ ಗಾಡಿ ಕೊಳ್ಳುವವರು ಪೆಟ್ರೋಲ್ ಪೈಪು, ರಬ್ಬರ್ ಸೀಲು, ಗ್ಯಾಸ್ಕೆಟ್ ಬದಲಿಸುವ ಖರ್ಚನ್ನು ಚೌಕಾಸಿಯ ಹೊತ್ತಿನಲ್ಲೇ ಲೆಕ್ಕಕ್ಕೆ ಹಿಡಿಯಬೇಕು.

ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುವ ನಮ್ಮ ರೈತರು ಬೈಕು ಕೊಳ್ಳುವಾಗ ನೋಂದಣಿ ಪತ್ರವಾದ ಆರ್‌ಸಿಯನ್ನು ಪೂರ್ತಿ ಓದುವುದಿಲ್ಲ. ತಯಾರಿಕೆಯ ತಿಂಗಳು ಮತ್ತು ವರ್ಷ ಅದರಲ್ಲೇ ಇರುತ್ತವೆ, ಬಿಎಸ್ ಹಂತ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಸಿಗುತ್ತದೆ. ಹಾಲಿನ ಕ್ಯಾನು, ಟೊಮೆಟೊ ಬಾಕ್ಸು ಹೊತ್ತು ಹಿಂದಿನ ಶಾಕ್ ಅಬ್ಸಾರ್ಬರ್ ಸೋತ ಗಾಡಿಗೆ ಯಾವ ವರ್ಷವಾದರೂ ಒಂದೇ ಎನ್ನುವುದು ಬೇರೆ ಮಾತು.

ತಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳಲ್ಲಿ ಹಳೆಯ ವಾಹನಗಳ ಸಾಲಿಗೆ ತಯಾರಿಕೆಯ ತಿಂಗಳು-ವರ್ಷ, ಬಿಎಸ್ ಹಂತ, ಎಬಿಎಸ್ ಇದೆಯೇ ಇಲ್ಲವೇ ಎಂಬ ಮೂರು ವಿವರಗಳನ್ನು ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ. ಎರಡನೇ ಕೈ ವಾಹನಗಳ ಅಂಗಡಿಯವರೂ ಗಾಡಿಗೆ ಅಂಟಿಸುವ ಬೆಲೆ ಚೀಟಿಯಲ್ಲಿ ಇವನ್ನೇ ಬರೆಯುವಂತೆ ಜಿಲ್ಲೆಯ ಸಾರಿಗೆ ಅಧಿಕಾರಿಗಳು ಸೂಚನೆ ಕೊಡಲಿ.

– ನಿವೃತ್ತ ಐಟಿಐ ಬೋಧಕ, ಕೋಲಾರ