ಹೆಗ್ಡೆಯವರನ್ನು ಸಾಕ್ಷಿಗೆ ಕರೆಯುವ ಮೊದಲು

ಮಾನ್ಯ ಸಂಪಾದಕರೇ,

ನ್ಯಾಯಮೂರ್ತಿಗಳು ಪೀಠದಿಂದ ಇಳಿದ ಬೆನ್ನಿಗೇ ರಾಜಕೀಯಕ್ಕೆ ಬರುವುದು ಸರಿಯೇ ಎಂಬ ಚರ್ಚೆ ಎದ್ದಾಗಲೆಲ್ಲ ನಮ್ಮ ಕರಾವಳಿಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: "ಅದರಲ್ಲೇನು ತಪ್ಪು? ನಮ್ಮ ಕೆ.ಎಸ್. ಹೆಗ್ಡೆಯವರು ಹೋಗಿರಲಿಲ್ಲವೇ?" ಈ ಮಾತನ್ನು ಒಂದು ಪಕ್ಷದವರಷ್ಟೇ ಹೇಳುವುದಿಲ್ಲ, ಆಯಾ ಸಂದರ್ಭದಲ್ಲಿ ಯಾರಿಗೆ ಅನುಕೂಲವೋ ಅವರು ಹೇಳುತ್ತಾರೆ. ಉಡುಪಿಯ ನ್ಯಾಯಾಲಯದ ಕಚೇರಿಯಲ್ಲಿ ಕಡತಗಳ ನಡುವೆಯೇ ಆಯುಷ್ಯ ಕಳೆದು ನಿವೃತ್ತನಾದ ನನಗೆ, ಸಾಕ್ಷಿಯ ಪೂರ್ತಿ ಹೇಳಿಕೆಯನ್ನು ಓದದೆ ಒಂದು ಸಾಲನ್ನು ಮಾತ್ರ ಕಿತ್ತು ತೋರಿಸುವ ಈ ವಾದದ ಬಗೆಗೆ ಮೊದಲಿನಿಂದಲೂ ಆಕ್ಷೇಪವಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದು, ಆಮೇಲೆ ಲೋಕಸಭೆಯ ಸ್ಪೀಕರ್ ಆದ ಹೆಗ್ಡೆಯವರ ಜೀವನವನ್ನು ತಾರೀಖುಗಳ ಸಮೇತ ನೋಡಿದರೆ ಅದು ಪೀಠದಿಂದ ರಾಜಕೀಯಕ್ಕಿನ ಇವತ್ತಿನ ಜಿಗಿತಗಳಿಗೆ ಬೆಂಬಲ ಕೊಡುವುದಿಲ್ಲ. ಹಾಗೆಂದು ಅವರ ಅಭಿಮಾನಿಗಳು ಬಯಸುವಷ್ಟು ಸರಳವಾಗಿಯೂ ಅದು ಇಲ್ಲ.

ಕೌಡೂರು ಸದಾನಂದ ಹೆಗ್ಡೆಯವರು ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಕಾರ್ಕಳದ ಬೋರ್ಡ್ ಹೈಸ್ಕೂಲು, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಆಮೇಲೆ ಮದರಾಸಿನಲ್ಲಿ ಪ್ರೆಸಿಡೆನ್ಸಿ ಕಾಲೇಜು ಮತ್ತು ಕಾನೂನು ಕಾಲೇಜು: ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಅಂದಿನ ದಕ್ಷಿಣ ಕನ್ನಡದ ಅನುಕೂಲಸ್ಥ ಮನೆಯ ಹುಡುಗರು ಹಿಡಿಯುತ್ತಿದ್ದ ದಾರಿ ಇದೇ. 1933ರಲ್ಲಿ ವಕೀಲಿಕೆ ಆರಂಭಿಸಿದರು. ಸ್ವಾತಂತ್ರ್ಯ ಬಂದ ವರ್ಷದಿಂದ 1951ರವರೆಗೆ ಸರ್ಕಾರಿ ವಕೀಲರಾಗಿಯೂ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿಯೂ ಇದ್ದರು.

ಮುಂದಿನದನ್ನು ನಮ್ಮವರು ಸಾಮಾನ್ಯವಾಗಿ ಹೇಳುವುದಿಲ್ಲ. 1952ರಲ್ಲಿ ರಾಜ್ಯಸಭೆ ಮೊದಲ ಬಾರಿಗೆ ಸೇರಿದಾಗ ಹೆಗ್ಡೆಯವರು ಅಲ್ಲಿ ಕಾಂಗ್ರೆಸ್ ಸದಸ್ಯರಾಗಿ ಕುಳಿತಿದ್ದರು. 1957ರಲ್ಲಿ ಆ ಸ್ಥಾನ ಬಿಟ್ಟು ನೇರವಾಗಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಎಂದರೆ ಅವರು ರಾಜಕೀಯದಿಂದ ನ್ಯಾಯಪೀಠಕ್ಕೆ ಬಂದು, ಅಲ್ಲಿಂದ ಮತ್ತೆ ರಾಜಕೀಯಕ್ಕೆ ಹೋದವರು. ಆಳುವ ಪಕ್ಷದ ಸಂಸದರೊಬ್ಬರು ಮಧ್ಯೆ ಬಿಡುವಿಲ್ಲದೆ ಹೈಕೋರ್ಟಿನ ಪೀಠವೇರುವುದು ಇಂದು ನಡೆದರೆ ನಾವು ಸುಮ್ಮನಿರುತ್ತೇವೆಯೇ? ಇರುವುದಿಲ್ಲ, ಇರಬಾರದು ಕೂಡ. ಹೆಗ್ಡೆಯವರ ವಿಷಯದಲ್ಲಿ ಸಮಾಧಾನ ಸಿಗುವುದು ನೇಮಕಾತಿಯ ರೀತಿಯಲ್ಲಿ ಅಲ್ಲ, ನೇಮಕವಾದ ಮೇಲೆ ಅವರು ಬರೆದ ತೀರ್ಪುಗಳಲ್ಲಿ.

1966ರಲ್ಲಿ ದೆಹಲಿ ಹೈಕೋರ್ಟು ಸ್ಥಾಪನೆಯಾದಾಗ ಅವರು ಅದರ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. ಮರುವರ್ಷ ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿ ಅವರು ಬರೆದ ತೀರ್ಪುಗಳಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವುದು 1969ರ ಕ್ರೈಪಾಕ್ ಪ್ರಕರಣ. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಬೇಕಿತ್ತು. ಆಯ್ಕೆ ಮಂಡಳಿಯ ಸದಸ್ಯರಲ್ಲಿ ಒಬ್ಬರು ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ. ಆ ಹುದ್ದೆಗಳಿಗೆ ಅವರೂ ಒಬ್ಬ ಉಮೇದುವಾರರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಮಂಡಳಿಯಲ್ಲಿ ಕೂರಲಿಲ್ಲ, ನಿಜ. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರುಗಳು ಬಂದಾಗ ಕುಳಿತಿದ್ದರು. ಯಾರು ಮೇಲೆ, ಯಾರು ಕೆಳಗೆ ಎಂಬ ಪಟ್ಟಿ ತಯಾರಿಸುವಾಗಲೂ ಇದ್ದರು. ಪಟ್ಟಿ ಹೊರಬಿದ್ದಾಗ ಮೊದಲ ಹೆಸರು ಅವರದೇ. ಇದು ನ್ಯಾಯಾಲಯದ ಕೆಲಸವಲ್ಲ, ಬರೀ ಆಡಳಿತದ ಕೆಲಸ, ಆದ್ದರಿಂದ ಸಹಜ ನ್ಯಾಯದ ತತ್ವಗಳು (ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದು ಎಂಬಂಥವು) ಇಲ್ಲಿಗೆ ಅನ್ವಯಿಸುವುದಿಲ್ಲ ಎಂದು ಸರ್ಕಾರದ ಕಡೆಯವರು ವಾದಿಸಿದರು. ಐವರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಎರಡು ಬಗೆಯ ಕೆಲಸಗಳ ನಡುವಿನ ಆ ಗೋಡೆಯನ್ನು ಒಪ್ಪಲಿಲ್ಲ. ಆಡಳಿತಾತ್ಮಕ ನಿರ್ಧಾರವೂ ನ್ಯಾಯವಾಗಿರಬೇಕು, ಪಕ್ಷಪಾತ ನಡೆಯಿತೆಂದು ಸಾಬೀತಾಗದಿದ್ದರೂ ಅದಕ್ಕೆ ಬಲವಾದ ಸಂಭವವಿದ್ದರೆ ಸಾಕು ಎಂದು ಆಯ್ಕೆಯನ್ನೇ ರದ್ದುಪಡಿಸಿದರು. ಇಂದು ಅಂಗನವಾಡಿ ನೇಮಕಾತಿಯಿಂದ ಹಿಡಿದು ವಿಶ್ವವಿದ್ಯಾಲಯದ ಆಯ್ಕೆ ಸಮಿತಿಯವರೆಗೆ "ಅವರು ಆ ಕುರ್ಚಿಯಲ್ಲಿ ಕೂರಬಾರದಿತ್ತು" ಎಂದು ರಿಟ್ ಹಾಕುವ ಪ್ರತಿಯೊಬ್ಬರೂ, ತಿಳಿದೋ ತಿಳಿಯದೆಯೋ, ಈ ತೀರ್ಪಿನ ನೆರಳಿನಲ್ಲೇ ನಿಂತಿರುತ್ತಾರೆ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಗ್ಡೆಯವರ ಹೆಸರು ದೇರಳಕಟ್ಟೆಯ ಆಸ್ಪತ್ರೆಯ ಸ್ಟಾಪಾಗಿ ಉಳಿದಿರುವಷ್ಟು ಗಟ್ಟಿಯಾಗಿ ಈ ತೀರ್ಪಿನ ಜೊತೆ ಉಳಿದಿಲ್ಲ ಎಂಬುದು ನನ್ನ ಸಣ್ಣ ಕೊರಗು.

ಬ್ಯಾಂಕ್ ರಾಷ್ಟ್ರೀಕರಣ ಪ್ರಕರಣವನ್ನು ವಿಚಾರಿಸಿದ ಹನ್ನೊಂದು ಮಂದಿಯ ಪೀಠದಲ್ಲಿಯೂ ಅವರಿದ್ದರು. ನಮ್ಮ ಮಣ್ಣಿನಲ್ಲೇ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಸೇರಿದಂತೆ ಹದಿನಾಲ್ಕು ಬ್ಯಾಂಕುಗಳನ್ನು ವಶಕ್ಕೆ ಪಡೆದ ಕಾಯಿದೆಯನ್ನು 1970ರಲ್ಲಿ ಆ ಪೀಠದ ಹತ್ತು ಮಂದಿ ಅಸಿಂಧುವೆಂದರು. ಭಿನ್ನ ತೀರ್ಪು ಕೊಟ್ಟವರು ಎ.ಎನ್. ರೇ ಒಬ್ಬರೇ. ಆ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. 1972ರಲ್ಲಿ ಇಂದಿರಾ ಗಾಂಧಿಯವರ ಆಯ್ಕೆಯ ವಿರುದ್ಧ ರಾಜ್ ನಾರಾಯಣ್ ಹೂಡಿದ್ದ ಚುನಾವಣಾ ತಕರಾರು ಅರ್ಜಿಯ ಒಂದು ಮಧ್ಯಂತರ ಮೇಲ್ಮನವಿ ಹೆಗ್ಡೆಯವರಿದ್ದ ಪೀಠದ ಮುಂದೆ ಬಂತು. ಇಂದಿರಾ ಅವರು ಯಾವ ದಿನದಿಂದ ಅಭ್ಯರ್ಥಿಯೆಂದು ತೋರಿಸಿಕೊಂಡರು ಎಂಬ ಪ್ರಶ್ನೆ ಅಲ್ಲಿ ಮುಚ್ಚಿಹೋಗದೆ ಜೀವಂತವಾಗಿ ಉಳಿಯಿತು. 1975ರ ಜೂನ್ 12ರಂದು ಅಲಹಾಬಾದಿನಲ್ಲಿ ಆ ಆಯ್ಕೆ ರದ್ದಾದಾಗ ಇದೇ ಪ್ರಶ್ನೆ ನಿರ್ಣಾಯಕವಾಯಿತು.

ಕೇಶವಾನಂದ ಭಾರತಿ ಪ್ರಕರಣವನ್ನು ವಿವರಿಸುವ ಅಗತ್ಯ ಈ ಭಾಗದ ಓದುಗರಿಗಿಲ್ಲ. ಕೇರಳದ ಭೂಸುಧಾರಣಾ ಕಾಯಿದೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದ ಆ ಸ್ವಾಮೀಜಿಯ ಕಾಸರಗೋಡಿನ ಎಡನೀರು ಮಠ ನಮ್ಮದೇ ನೆರೆ. 1973ರ ಏಪ್ರಿಲ್ 24ರಂದು ಹದಿಮೂರು ಮಂದಿಯ ಪೀಠ ಏಳು–ಆರರ ಅಂತರದಲ್ಲಿ, ಸಂವಿಧಾನದ ಮೂಲ ರಚನೆಯನ್ನು ಕೆಡಿಸುವ ಅಧಿಕಾರ ಸಂಸತ್ತಿಗಿಲ್ಲವೆಂದಿತು. ಆ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ನ್ಯಾಯಮೂರ್ತಿ ಮುಖರ್ಜಿಯವರೊಂದಿಗೆ ಜಂಟಿಯಾಗಿ ತೀರ್ಪು ಬರೆದರು. ಭೂಮಾಲೀಕರ ಪರವಾದ ತೀರ್ಪು ಎಂದು ಇದನ್ನು ಹಳಿಯುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಆದರೆ ಅದಾಗಿ ವರ್ಷ ತುಂಬುವ ಮೊದಲೇ, 1974ರ ಮಾರ್ಚಿನಲ್ಲಿ, ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಈ ಜಿಲ್ಲೆಯ ಒಕ್ಕಲುಗಳು ಡಿಕ್ಲರೇಶನ್ (ಭೂಮಿಯ ಹಕ್ಕಿಗಾಗಿ ಅರ್ಜಿ) ಹಾಕಿ ಭೂಮಿ ಪಡೆದರಲ್ಲ, ಅದನ್ನು ಯಾವ ಮೂಲ ರಚನೆಯೂ ತಡೆಯಲಿಲ್ಲ.

ತೀರ್ಪು ಬಂದ ಮರುದಿನವೇ ಸರ್ಕಾರ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರನ್ನು ಪ್ರಕಟಿಸಿತು. ಜ್ಯೇಷ್ಠತೆಯಲ್ಲಿ ಮುಂದಿದ್ದ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ಕಡೆಗಣಿಸಿ ಎ.ಎನ್. ರೇ ಅವರನ್ನು ಆ ಸ್ಥಾನದಲ್ಲಿ ಕೂರಿಸಲಾಯಿತು. ಮೂವರೂ ಕೇಶವಾನಂದ ಪ್ರಕರಣದ ಬಹುಮತದಲ್ಲಿದ್ದವರು; ಮೂವರೂ ರಾಜೀನಾಮೆ ಕೊಟ್ಟರು. ಇಲ್ಲಿ ಲೆಕ್ಕವನ್ನು ಸರಿಯಾಗಿ ನೋಡಬೇಕು. ಜ್ಯೇಷ್ಠತೆಯ ಪದ್ಧತಿ ನಡೆದಿದ್ದರೆ ಶೇಲತ್ ಅವರು 1973ರ ಜುಲೈಯಲ್ಲಿ ನಿವೃತ್ತರಾಗಿ, ಹೆಗ್ಡೆಯವರು 1974ರ ಜೂನ್ ತನಕ, ಅಂದರೆ ಹನ್ನೊಂದು ತಿಂಗಳಷ್ಟು ಕಾಲ, ಭಾರತದ ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಅವರು ಬಿಟ್ಟುಬಂದದ್ದು ಒಂದು ವರ್ಷದ ಸೇವೆ, ಕಳೆದುಕೊಂಡದ್ದು ದೇಶದ ಅತ್ಯುನ್ನತ ನ್ಯಾಯಪೀಠ. ಸಂವಿಧಾನದ 124ನೆಯ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು ಭಾರತದ ಯಾವ ನ್ಯಾಯಾಲಯದಲ್ಲೂ ವಕಾಲತ್ತು ವಹಿಸುವಂತಿಲ್ಲವಾದ್ದರಿಂದ ಕರಿಕೋಟು ಮತ್ತೆ ತೊಡುವ ದಾರಿಯೂ ಇರಲಿಲ್ಲ.

ರಾಜೀನಾಮೆಗೂ ಚುನಾವಣೆಗೂ ನಡುವೆ ಸುಮಾರು ನಾಲ್ಕು ವರ್ಷಗಳ ಅಂತರವಿದೆ, ಅದರೊಳಗೆ ತುರ್ತು ಪರಿಸ್ಥಿತಿಯೂ ಇದೆ. 1977ರಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಉತ್ತರ ಭಾರತದಲ್ಲಿ ಜನತಾ ಅಲೆ ಎದ್ದಿದ್ದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿನ ಪಾಲಾದವು. ಉಳಿದ ಎರಡರಲ್ಲಿ ಒಂದು ಹೆಗ್ಡೆಯವರದು. ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಲು ಸ್ಪೀಕರ್ ಹುದ್ದೆ ತೆರವು ಮಾಡಿದಾಗ, ಅದೇ ವರ್ಷದ ಜುಲೈ 21ರಂದು ಹೆಗ್ಡೆಯವರು ಲೋಕಸಭೆಯ ಅಧ್ಯಕ್ಷರಾದರು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದ, ತುರ್ತು ಪರಿಸ್ಥಿತಿ ಹೇರುವುದನ್ನು ಕಷ್ಟವಾಗಿಸಿದ 44ನೆಯ ತಿದ್ದುಪಡಿ ಅವರ ಅಧ್ಯಕ್ಷತೆಯ ಸದನದಲ್ಲೇ ಅಂಗೀಕಾರವಾಯಿತು.

ಇನ್ನು 1978ರ ವಿಷಯ. ಇಂದಿರಾ ಗಾಂಧಿಯವರು ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಮರಳಿದರು. ಹೆಗ್ಡೆಯವರ ತಾಲೂಕಾದ ಕಾರ್ಕಳದ ವಿಧಾನಸಭಾ ಕ್ಷೇತ್ರ ಆಗ ಆ ಲೋಕಸಭಾ ಕ್ಷೇತ್ರಕ್ಕೇ ಸೇರಿತ್ತು. ಘಟ್ಟದ ಕೆಳಗಿನ ಮತದಾರರೂ ಇಂದಿರಾ ಅವರಿಗೆ ಓಟು ಹಾಕಿದವರೇ. ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವ ತನಕ ಸೆರೆಮನೆಗೆ ಕಳುಹಿಸಿತು. ಆಗ ಪೀಠದಲ್ಲಿದ್ದವರು, ಐದು ವರ್ಷದ ಹಿಂದೆ ಅವರದೇ ಸರ್ಕಾರ ಕಡೆಗಣಿಸಿದ್ದ ಹೆಗ್ಡೆಯವರು. ನಿರ್ಣಯ ಸದನದ್ದು, ಪ್ರಸ್ತಾಪ ಪ್ರಧಾನಿ ಮೊರಾರ್ಜಿ ದೇಸಾಯಿಯವರದು, ಸ್ಪೀಕರ್ ಅದನ್ನು ಮತಕ್ಕೆ ಹಾಕಿದರಷ್ಟೆ ಎಂಬುದು ನಿಯಮದ ಮಾತು, ಅದರಲ್ಲಿ ಸುಳ್ಳಿಲ್ಲ. ಆದರೂ ಕ್ರೈಪಾಕ್ ತೀರ್ಪನ್ನು ಬರೆದವರು ಅಂದು ಆ ಆಸನವನ್ನು ಉಪಾಧ್ಯಕ್ಷರಿಗೆ ಬಿಟ್ಟುಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ. ಅವರು ದ್ವೇಷ ಸಾಧಿಸಿದರು ಎಂದು ನಾನು ಹೇಳುತ್ತಿಲ್ಲ. ಅವರದೇ ತೀರ್ಪಿನ ಪ್ರಕಾರ, ಪಕ್ಷಪಾತ ನಡೆಯಿತೇ ಎಂಬುದು ಪ್ರಶ್ನೆಯೇ ಅಲ್ಲ. ಸಂಭವವಿತ್ತೇ ಎಂಬುದು ಪ್ರಶ್ನೆ. 1981ರಲ್ಲಿ ಮುಂದಿನ ಲೋಕಸಭೆ ಆ ಉಚ್ಚಾಟನೆಯ ನಿರ್ಣಯವನ್ನು ರದ್ದುಗೊಳಿಸಿತು. ನಂತರದ ವರ್ಷಗಳಲ್ಲಿ ಹೆಗ್ಡೆಯವರು ಬಿಜೆಪಿಯ ಉಪಾಧ್ಯಕ್ಷರಾಗಿದ್ದರು. 1979ರಲ್ಲಿ ನಿಟ್ಟೆಯಲ್ಲಿ ಅವರು ಹುಟ್ಟುಹಾಕಿದ ಶಿಕ್ಷಣ ಸಂಸ್ಥೆ ಇಂದು ಎಷ್ಟು ಬೆಳೆದಿದೆಯೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 1990ರ ಮೇ 24ರಂದು ಅವರು ತೀರಿಕೊಂಡರು.

ಈಗ ಇತರರ ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಬಹರುಲ್ ಇಸ್ಲಾಂ ಅವರು 1983ರಲ್ಲಿ ನಿವೃತ್ತಿಗೆ ಕೆಲವೇ ವಾರಗಳಿರುವಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು, ಅದೇ ವರ್ಷ ಕಾಂಗ್ರೆಸ್ಸಿನಿಂದ ರಾಜ್ಯಸಭೆ ಸೇರಿದರು. ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಂಜನ್ ಗೊಗೊಯ್ ಅವರು 2019ರ ನವೆಂಬರಿನಲ್ಲಿ ನಿವೃತ್ತರಾಗಿ, 2020ರ ಮಾರ್ಚಿನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ನಮ್ಮ ಮೂಡುಬಿದಿರೆಯ ಸಮೀಪದ ಬೆಳುವಾಯಿಯವರಾದ ಅಬ್ದುಲ್ ನಜೀರ್ ಅವರು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ನಿವೃತ್ತರಾದರೆ, ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ರಾಜ್ಯಪಾಲರು. ಊರವರೆಂಬ ಹೆಮ್ಮೆ ನನಗೂ ಇದೆ, ಆದರೆ ಹೆಮ್ಮೆ ತಾರೀಖನ್ನು ಬದಲಿಸುವುದಿಲ್ಲ. ಅಭಿಜಿತ್ ಗಂಗೋಪಾಧ್ಯಾಯ ಅವರು 2024ರ ಮಾರ್ಚ್ 5ರಂದು ಕಲ್ಕತ್ತಾ ಹೈಕೋರ್ಟಿಗೆ ರಾಜೀನಾಮೆ ನೀಡಿ, 7ರಂದು ಬಿಜೆಪಿ ಸೇರಿ, ಜೂನ್ ವೇಳೆಗೆ ಲೋಕಸಭಾ ಸದಸ್ಯರಾದರು. ಇವರ ತೀರ್ಪುಗಳ ಪ್ರಾಮಾಣಿಕತೆಯನ್ನು ಅಳೆಯಲು ನಾನು ಯಾರೂ ಅಲ್ಲ. ಆದರೆ ಇವರಿಗೆ ಸ್ಥಾನ ಬಂದದ್ದು ತಾವು ಪೀಠದಲ್ಲಿದ್ದಾಗ ಅಧಿಕಾರದಲ್ಲಿದ್ದ ಪಕ್ಷದಿಂದ ಅಥವಾ ಸರ್ಕಾರದಿಂದ, ಅದೂ ತಿಂಗಳುಗಳ ಅಂತರದಲ್ಲಿ. ಹೆಗ್ಡೆಯವರನ್ನು ಅಂಥ ಸರ್ಕಾರ ಹೊರದಬ್ಬಿತ್ತು, ಅವರು ಹೋದದ್ದು ಅದರ ಎದುರು ಪಾಳೆಯಕ್ಕೆ, ಅದೂ ಮತದಾರರ ಮುಂದೆ ನಿಂತು. ಈ ಎರಡು ಬಗೆಯನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮಹಾಲೇಖಪಾಲರು (ಸಿಎಜಿ) ನಿವೃತ್ತಿಯ ನಂತರ ಸರ್ಕಾರದ ಬೇರೆ ಹುದ್ದೆ ಹಿಡಿಯುವಂತಿಲ್ಲವೆಂದು ಸಂವಿಧಾನದ 148ನೆಯ ವಿಧಿ ಹೇಳುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಅಧ್ಯಕ್ಷರಿಗೂ 319ನೆಯ ವಿಧಿಯಲ್ಲಿ ಇಂಥದೇ ತಡೆ ಇದೆ. ನ್ಯಾಯಮೂರ್ತಿಗಳಿಗೆ ಮಾತ್ರ ಇಲ್ಲ. ನಿವೃತ್ತಿಯ ನಂತರ ಅವರು ಸರ್ಕಾರದ ಹುದ್ದೆ ಸ್ವೀಕರಿಸಬಾರದೆಂದು ಸೆಟಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗ 1958ರಲ್ಲೇ ಹೇಳಿದ್ದರೂ ಅದು ವರದಿಯಲ್ಲೇ ಉಳಿಯಿತು. ಹುದ್ದೆಗಾಗಲಿ, ನಾಮನಿರ್ದೇಶನಕ್ಕಾಗಲಿ, ಪಕ್ಷದ ಟಿಕೆಟಿಗಾಗಲಿ, ಪೀಠ ಬಿಟ್ಟ ದಿನದಿಂದ ಕನಿಷ್ಠ ಮೂರು ವರ್ಷಗಳ ಅಂತರವನ್ನು ಕಾನೂನಿನಲ್ಲೇ ಬರೆಯಬೇಕು. ಹೆಗ್ಡೆಯವರಿಗೆ 1973ರಲ್ಲಿ ಈ ನಿಯಮ ಅನ್ವಯವಾಗಿದ್ದರೂ 1977ರ ಅವರ ಸ್ಪರ್ಧೆಗೆ ಅಡ್ಡಿಯಾಗುತ್ತಿರಲಿಲ್ಲ. ಅವರ ಹೆಸರನ್ನು ಉದಾಹರಿಸುವ ನಮ್ಮ ಎರಡು ಜಿಲ್ಲೆಗಳ ಸಂಸದರು ಈ ಬೇಡಿಕೆಯನ್ನು ಸದನದಲ್ಲಿ ಎತ್ತಲಿ. ಉಡುಪಿ ಮತ್ತು ಮಂಗಳೂರಿನ ವಕೀಲರ ಸಂಘಗಳು ಕ್ರೈಪಾಕ್ ತೀರ್ಪನ್ನು ಕನ್ನಡಕ್ಕೆ ತರಿಸಿ, ಕಾನೂನು ವಿದ್ಯಾರ್ಥಿಗಳ ಕೈಗೆ ಸಿಗುವ ಬೆಲೆಯಲ್ಲಿ ಅಚ್ಚು ಹಾಕಿಸಲಿ. ಅದು ದೊಡ್ಡ ತೀರ್ಪೇನೂ ಅಲ್ಲ, ತೆಳ್ಳಗಿನ ಪುಸ್ತಿಕೆಯಾದೀತು.

ಇತಿ,
ನಿವೃತ್ತ ಶಿರಸ್ತೇದಾರ,
ಕುಂಜಿಬೆಟ್ಟು, ಉಡುಪಿ